ಗಡಿಯಲ್ಲಿ ಮೊಬೈಲ್ ಗಡಿಯಾರ ಕೆಡುವುದಿಲ್ಲ

ಮೊಬೈಲಿಗೆ ಸಮಯ ಬರುವುದು ಉಪಗ್ರಹದಿಂದ, ಹಾಗಾಗಿ ದೇಶದ ಗಡಿ ದಾಟಿದ ಕ್ಷಣವೇ ಅದು ತಾನಾಗಿ ಬದಲಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಜಿಪಿಎಸ್ ಉಪಗ್ರಹ ಕರಾರುವಾಕ್ಕಾದ ಸಮಯ ಕೊಡುತ್ತದೆ, ನಿಜ. ಆದರೆ ನೀವು ನಿಂತ ನೆಲದಲ್ಲಿ ಯಾವ ದೇಶದ ಗಡಿಯಾರ ನಡೆಯುತ್ತದೆ ಎಂಬುದು ಅದಕ್ಕೆ ತಿಳಿಯದು.

ಸಾಮಾನ್ಯವಾಗಿ ಅದನ್ನು ಹೇಳುವುದು ಟವರ್. ಫೋನ್ ಒಂದು ನೆಟ್‌ವರ್ಕಿಗೆ ನೋಂದಾಯಿಸಿಕೊಂಡಾಗ ಆ ನೆಟ್‌ವರ್ಕ್ ಪುಟ್ಟ ಸಂದೇಶವೊಂದನ್ನು ಕಳಿಸಬಹುದು: ಜಾಗತಿಕ ಸಮಯ ಇಷ್ಟು, ನಮ್ಮದು ಅದಕ್ಕಿಂತ ಇಷ್ಟು ಮುಂದೆ. ಈ ಅಂತರದ ಎಣಿಕೆ ಕಾಲು ಗಂಟೆಗಳಲ್ಲಿ. ಭಾರತಕ್ಕೆ 22, ನೇಪಾಳಕ್ಕೆ 23, ಬಾಂಗ್ಲಾದೇಶ ಮತ್ತು ಭೂತಾನಕ್ಕೆ 24. ಇಡೀ ಗಂಟೆಗಳಲ್ಲಿ ಎಣಿಸಿದ್ದರೆ ಭಾರತದ ಐದೂವರೆಗಾಗಲಿ, ನೇಪಾಳ 1986ರಲ್ಲಿ ಆರಿಸಿಕೊಂಡ ಐದೂಮುಕ್ಕಾಲಿಗಾಗಲಿ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಬಹಳ ಮುಂದಾಲೋಚನೆಯ ಏರ್ಪಾಡಿದು.

ತೊಡಕು ಬೇರೆ ಕಡೆ ಇದೆ. ಟವರಿನ ಅಲೆ ಗಡಿಗೆರೆಯಲ್ಲಿ ನಿಲ್ಲುವುದಿಲ್ಲ. ಬಿಹಾರದ ರಕ್ಸೌಲ್ ಮತ್ತು ನೇಪಾಳದ ಬೀರ್‌ಗಂಜ್ ಇರುವಂಥ ಬಯಲಿನಲ್ಲಂತೂ ದೂರಕ್ಕೆ ಹರಿಯುತ್ತದೆ. ಫೋನೂ ಸಿಗ್ನಲ್ ಚೆನ್ನಾಗಿರುವವರೆಗೆ ಹಿಡಿದ ನೆಟ್‌ವರ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ಹೀಗಾಗಿ ಪಶುಪತಿನಾಥನ ದರ್ಶನಕ್ಕೆಂದು ಗಡಿ ದಾಟಿದವರ ಫೋನಿನಲ್ಲಿ ಸ್ವಲ್ಪ ಹೊತ್ತು ಭಾರತದ ಸಮಯವೇ ಉಳಿದಿರಬಹುದು. ಆಗ ಅಲ್ಲಿನ ಬಸ್ಸಿಗೆ ಕಾಲು ಗಂಟೆ ತಡವಾದೀತು. ಮೇಘಾಲಯದ ಡೌಕಿಯಂಥ ಊರಲ್ಲಿ ಬಾಂಗ್ಲಾದ ನೆಟ್‌ವರ್ಕ್ ಹಿಡಿದ ಫೋನ್ ನಿಂತಲ್ಲೇ ಅರ್ಧ ಗಂಟೆ ಮುಂದೆ ಹೋಗುವುದೂ ಇದೇ ಕಾರಣಕ್ಕೆ. ಅಂತರರಾಷ್ಟ್ರೀಯ ರೋಮಿಂಗ್ ಇಲ್ಲದ ಸಿಮ್‌ಗೆ ಈ ಕಾಟ ಕಡಿಮೆ. ಐಫೋನ್ ಮತ್ತು ಕೆಲವು ಹೊಸ ಆಂಡ್ರಾಯ್ಡ್ ಫೋನುಗಳು, ಲೊಕೇಶನ್ ಆನ್ ಇದ್ದರೆ, ನಕ್ಷೆ ನೋಡಿಯೂ ಕಾಲವಲಯ ಗುರುತಿಸಬಲ್ಲವು.

ಇಷ್ಟಾದರೂ ಗಡಿಯಾರ ಕೆಟ್ಟಿರುವುದಿಲ್ಲ. ಫೋನ್ ಒಳಗೊಳಗೆ ಎಣಿಸುತ್ತಿರುವುದು ಜಾಗತಿಕ ಸಮಯವನ್ನು, ಅದು ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ವಲಯ ಮಾತ್ರ. ಆದ್ದರಿಂದಲೇ ವಾಟ್ಸ್‌ಆ್ಯಪ್ ಸಂದೇಶಗಳ ಹಿಂದುಮುಂದು ಕಲಸಿಹೋಗುವುದಿಲ್ಲ. ಅಲಾರಂ ಮಾತ್ರ ಪರದೆಯ ಸಮಯವನ್ನೇ ನಂಬುತ್ತದೆ.

ಅವಸರದಲ್ಲಿ ಗಂಟೆ, ನಿಮಿಷಗಳನ್ನೇ ಕೈಯಾರೆ ತಿದ್ದುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಲಯ ತಪ್ಪಿರುವಾಗ ಗಂಟೆಯನ್ನು ತಿದ್ದಿದರೆ, ಅಲ್ಲಿಯವರೆಗೆ ಸರಿಯಿದ್ದ ಒಳಗಿನ ಎಣಿಕೆಯೇ ತಪ್ಪುತ್ತದೆ. ಬ್ಯಾಂಕಿನ ಆ್ಯಪ್‌ಗಳು, ಸುರಕ್ಷಿತ ಜಾಲತಾಣಗಳು ತಕರಾರು ತೆಗೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಸ್ವಯಂಚಾಲಿತ ಕಾಲವಲಯವನ್ನಷ್ಟೇ ಆಫ್ ಮಾಡಿ, ಭಾರತಕ್ಕೆ ಕೋಲ್ಕತ್ತಾ, ನೇಪಾಳಕ್ಕೆ ಕಠ್ಮಂಡು ಎಂದು ಆರಿಸಿಕೊಳ್ಳಿ. ಗಡಿಯಿಂದ ದೂರ ಬಂದ ಮೇಲೆ ಮತ್ತೆ ಆನ್ ಮಾಡಿ.