ನೇರಳಾತೀತ ವಾಯುಶುದ್ಧೀಕರಣ

ನೇರಳಾತೀತ ವಾಯುಶುದ್ಧೀಕರಣವು ನೇರಳಾತೀತ ಕಿರಣಗಳ ನೆರವಿನಿಂದ ಕಟ್ಟಡದ ಒಳಗಾಳಿಯಲ್ಲಿರುವ ಬ್ಯಾಕ್ಟೀರಿಯಾ ಹಾಗೂ ವೈರಸ್‌ಗಳನ್ನು ನಿಷ್ಕ್ರಿಯಗೊಳಿಸುವ ವಿಧಾನವಾಗಿದೆ. ಮುಖ್ಯವಾಗಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಈ ವಿಧಾನವು ಕೋವಿಡ್-19ರ ನಂತರ ಮನೆಬಳಕೆಯ ಉಪಕರಣವಾಗಿಯೂ ಹೆಚ್ಚು ಪ್ರಚಾರಕ್ಕೆ ಬಂದಿತು. ಇದು ಸೂಕ್ಷ್ಮಾಣುಗಳ ಮೇಲೆ ಪರಿಣಾಮ ಬೀರುತ್ತದೆಯೇ ಹೊರತು ಹೊಗೆ ಮತ್ತು ಧೂಳನ್ನು ನಿವಾರಿಸುವುದಿಲ್ಲ.

ಕಾರ್ಯತತ್ತ್ವ

ನೇರಳಾತೀತ ಕಿರಣಗಳನ್ನು ತರಂಗಾಂತರಕ್ಕೆ ಅನುಗುಣವಾಗಿ ಎ (315–400 ನ್ಯಾನೋಮೀಟರ್), ಬಿ (280–315) ಮತ್ತು ಸಿ (100–280) ಎಂದು ವಿಂಗಡಿಸಲಾಗಿದೆ. ಸೂರ್ಯನ ‘ಸಿ’ ಕಿರಣಗಳನ್ನು ವಾತಾವರಣವು ಹೀರಿಕೊಳ್ಳುವುದರಿಂದ ಅವು ನೆಲವನ್ನು ತಲುಪುವುದಿಲ್ಲ. ಕಡಿಮೆ ಒತ್ತಡದ ಪಾದರಸ ದೀಪಗಳು ಮುಖ್ಯವಾಗಿ 254 ನ್ಯಾನೋಮೀಟರ್ ತರಂಗಾಂತರದ ಕಿರಣಗಳನ್ನು ಹೊರಸೂಸುತ್ತವೆ. ಇವು ಸೂಕ್ಷ್ಮಾಣುಗಳ ಡಿಎನ್‌ಎ ಅಥವಾ ಆರ್‌ಎನ್‌ಎಗೆ ಹಾನಿಮಾಡಿ, ಅವುಗಳ ವೃದ್ಧಿಯನ್ನು ತಡೆಯುತ್ತವೆ.

ಇತಿಹಾಸ

ಸೂರ್ಯನ ಬೆಳಕು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿ ತೋರಿಸಿದರು. ಅಮೆರಿಕದ ವಿಲಿಯಂ ವೆಲ್ಸ್ ಫಿಲಡೆಲ್ಫಿಯಾ ಪ್ರದೇಶದ ಶಾಲೆಗಳಲ್ಲಿ ನೇರಳಾತೀತ ದೀಪಗಳನ್ನು ಅಳವಡಿಸಿದಾಗ, 1941ರ ದಡಾರ ಸಾಂಕ್ರಾಮಿಕದಲ್ಲಿ ಆ ತರಗತಿಗಳ ಮಕ್ಕಳಲ್ಲಿ ಸೋಂಕು ಕಡಿಮೆಯಾಗಿ ಕಂಡುಬಂದಿತು. ಮಕ್ಕಳು ತರಗತಿಯ ಹೊರಗೂ ಬೆರೆಯುತ್ತಿದ್ದ ಬೇರೆ ಊರುಗಳಲ್ಲಿ ಇಂತಹ ಫಲ ದೊರೆಯಲಿಲ್ಲ. 1950ರ ದಶಕದಲ್ಲಿ ರಿಚರ್ಡ್ ರೈಲಿ ಬಾಲ್ಟಿಮೋರ್‌ನ ಕ್ಷಯರೋಗ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳ ಕೋಣೆಗೆ ಹಾಯಿಸಿ, ಕಿರಣಗಳಿಗೆ ಒಡ್ಡಿದ ಗಾಳಿಯಿಂದ ಸೋಂಕು ತಗಲಲಿಲ್ಲವೆಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯು ಕ್ಷಯರೋಗ ನಿಯಂತ್ರಣಕ್ಕೆ ಕೋಣೆಯ ಮೇಲ್ಭಾಗದ ನೇರಳಾತೀತ ದೀಪಗಳನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಿದೆ.

ವಿಧಗಳು

* ಮೇಲ್ಭಾಗದ ದೀಪ: ತಲೆಯ ಮಟ್ಟಕ್ಕಿಂತ ಮೇಲೆ, ಸಾಮಾನ್ಯವಾಗಿ 2.1 ಮೀಟರಿಗೂ ಎತ್ತರದಲ್ಲಿ ಅಳವಡಿಸಲಾಗುತ್ತದೆ. ಎತ್ತರದ ಛಾವಣಿ ಮತ್ತು ಗಾಳಿಯ ಸಂಚಾರ ಅಗತ್ಯ.
* ಮುಚ್ಚಿದ ಪೆಟ್ಟಿಗೆ: ಫ್ಯಾನ್ ಗಾಳಿಯನ್ನು ಒಳಗೆಳೆದು ದೀಪದ ಮುಂದೆ ಹಾಯಿಸುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನಮೀಟರ್ ಗಾಳಿ ಇರುತ್ತದೆ. ಗಂಟೆಗೆ ಆರು ಬಾರಿಯಷ್ಟು ಗಾಳಿ ಹಾಯಬೇಕಾದರೆ ಉಪಕರಣದ ಸಾಮರ್ಥ್ಯ 216 ಘನಮೀಟರ್ ಇರಬೇಕು. ಚಿಕ್ಕ ಮೇಜಿನ ಉಪಕರಣಗಳು ಇದನ್ನು ಪೂರೈಸುವುದು ಕಷ್ಟ.
* ಕೊಳವೆಯೊಳಗಿನ ದೀಪ: ಹವಾನಿಯಂತ್ರಣ ಇರುವ ಕಟ್ಟಡಗಳಿಗೆ ಸೂಕ್ತ. ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯ ಇಂತಹ ವ್ಯವಸ್ಥೆಯನ್ನು 2021ರಲ್ಲಿ ಸಂಸತ್ ಭವನಕ್ಕೆ ಆಯ್ಕೆ ಮಾಡಲಾಯಿತು.

ಬೆಳಗಾವಿ ಜಿಲ್ಲೆಯ ಮನೆಗಳಲ್ಲಿ ಉಪಯುಕ್ತತೆ

ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಹಳೆಯ ಹಳ್ಳಿಮನೆಗಳಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಮತ್ತು ಸಣ್ಣ ಕಿಟಕಿಗಳು ಸಾಮಾನ್ಯ. ಬೆಳಕು ಬರಲು ಮತ್ತು ಹೊಗೆ ಹೋಗಲು ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಛಾವಣಿ ತಗ್ಗಾಗಿರುವ ಇಂತಹ ಕೋಣೆಗಳಿಗೆ ಮೇಲ್ಭಾಗದ ದೀಪ ಹೊಂದುವುದಿಲ್ಲ. ಹೆಚ್ಚು ಮಳೆ ಬೀಳುವ ಕಿತ್ತೂರು ಭಾಗದ ಹೆಂಚಿನ ಮನೆಗಳಲ್ಲಿ ಹೆಂಚುಗಳ ಸಂದಿಯಿಂದಲೇ ಗಾಳಿಯಾಡುತ್ತದೆ.

ಹತ್ತಿಕಟ್ಟಿಗೆ, ಕುಳ್ಳು ಅಥವಾ ಸೌದೆ ಉರಿಸುವ ಮನೆಗಳಲ್ಲಿ ಒಳಗಾಳಿಯ ಪ್ರಮುಖ ಮಾಲಿನ್ಯಕಾರಕ ಹೊಗೆಯೇ ಆಗಿದೆ. ಅದನ್ನು ನೇರಳಾತೀತ ದೀಪ ತಗ್ಗಿಸಲಾರದು. 1980ರ ದಶಕದಲ್ಲಿ ಪ್ರಚಾರಕ್ಕೆ ಬಂದ, ಭಾರತೀಯ ವಿಜ್ಞಾನ ಸಂಸ್ಥೆಯ ಹೊಗೆಕೊಳವೆಯುಳ್ಳ ಅಸ್ತ್ರ ಒಲೆ ಹಾಗೂ 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ಅನಿಲ ಸಂಪರ್ಕ ಈ ಸಮಸ್ಯೆಗೆ ನೇರವಾದ ಪರಿಹಾರಗಳು. ಕ್ಷಯರೋಗಿ ಇರುವ ಮನೆಯಲ್ಲಿಯೂ ಬೇಗನೆ ಚಿಕಿತ್ಸೆ ಆರಂಭಿಸುವುದು, ಕಿಟಕಿ ಬಾಗಿಲು ತೆರೆದಿಡುವುದು ಮೊದಲ ಕ್ರಮಗಳು; ದೀಪವು ಇವುಗಳಿಗೆ ಬದಲಿಯಲ್ಲ.

ಸುರಕ್ಷತೆ

254 ನ್ಯಾನೋಮೀಟರ್ ಕಿರಣಗಳನ್ನು ನೇರವಾಗಿ ನೋಡಿದರೆ ಕಾರ್ನಿಯಾ ಉರಿಯೂತಗೊಳ್ಳುತ್ತದೆ. ಕಣ್ಣಿನಲ್ಲಿ ಮರಳು ಬಿದ್ದಂತಹ ನೋವು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದರಿಂದ ಕಾರಣ ತಿಳಿಯದೆ ಹೋಗಬಹುದು. ಚರ್ಮವೂ ಕೆಂಪಾಗುತ್ತದೆ. ಆದ್ದರಿಂದ ತೆರೆದ ದೀಪಗಳನ್ನು ಜನರಿರುವ ಕೋಣೆಯಲ್ಲಿ ಉರಿಸಬಾರದು. 185 ನ್ಯಾನೋಮೀಟರ್ ಕಿರಣವನ್ನೂ ಸೂಸುವ ದೀಪಗಳು ಶ್ವಾಸಕೋಶಕ್ಕೆ ಹಾನಿಕರವಾದ ಓಝೋನ್ ಅನಿಲವನ್ನು ಉಂಟುಮಾಡುತ್ತವೆ. ಸಾಮಾನ್ಯ ಪಾದರಸ ದೀಪಗಳ ಬಾಳಿಕೆ ಸುಮಾರು 9,000 ಗಂಟೆಗಳು. ಅವಧಿ ಮುಗಿದ ಮೇಲೂ ನೀಲಿ ಬೆಳಕು ಕಾಣುತ್ತಿರುತ್ತದೆಯಾದರೂ ಸೂಕ್ಷ್ಮಾಣುನಾಶಕ ಶಕ್ತಿ ಕುಗ್ಗಿರುತ್ತದೆ.