ಹಕ್ಕಿಗಳು ಹೆಚ್ಚಾದವೇ? ಲೆಕ್ಕವಿಟ್ಟವರಾರು?

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ಸಿದ್ದಾಪುರ ಸೀಮೆಯ ತೋಟ-ಬೆಟ್ಟಗಳಲ್ಲಿ ಸದ್ದಿಲ್ಲದ ಬೀಳ್ಕೊಡುಗೆಯೊಂದು ನಡೆಯುತ್ತದೆ. ಚಳಿಗಾಲವಿಡೀ ಹಳ್ಳದ ಕಲ್ಲುಗಳ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ, ಕಾಡಿನಂಚಿನ ತರಗೆಲೆಗಳನ್ನು ಕೆದಕುತ್ತಿದ್ದ ನವರಂಗ ಒಂದೊಂದಾಗಿ ಕಣ್ಮರೆಯಾಗುತ್ತವೆ. ಸಿಪಿಲೆಯ ತವರು ಹಿಮಾಲಯ ಹಾಗೂ ಅದರಾಚೆಯ ನಾಡುಗಳು. ನವರಂಗ ಮರಿಮಾಡುವುದು ಹೆಚ್ಚಾಗಿ ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ. ಆರು ತಿಂಗಳು ನಮ್ಮ ಅಂಗಳದಲ್ಲಿದ್ದ ಅತಿಥಿಗಳು ಹೊರಟುಹೋದದ್ದು ನಮ್ಮಲ್ಲಿ ಎಷ್ಟು ಮಂದಿಯ ಗಮನಕ್ಕೆ ಬಂದೀತು?

ಹಕ್ಕಿಗಳು ಗುಂಪುಗೂಡಿದಾಗ ಮಾತ್ರ ನಾವು ತಲೆಯೆತ್ತಿ ನೋಡುತ್ತೇವೆ. ಘಟ್ಟದ ಮೂಡಣ ಬಯಲುಸೀಮೆಯಲ್ಲಿ ಗುಲಾಬಿ ಕಬ್ಬಕ್ಕಿಗಳು ಇದೇ ಋತುವಿನಲ್ಲಿ ಮುತ್ತುಗ, ಬೂರುಗದ ಹೂಗಳಿಗೆ ಮುತ್ತುವುದನ್ನು ಕಂಡವರು, “ಈ ವರ್ಷ ಹಕ್ಕಿಗಳು ಬಹಳ” ಎನ್ನುತ್ತಾರೆ. ಜೋಳದ ತೆನೆಗೂ ಬಾಯಿಹಾಕುವ ಈ ಹಕ್ಕಿಯನ್ನು ರೈತರು ಬಲ್ಲರು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆಗಳು ಹೇರಳವಾದ ವರ್ಷ ಇವುಗಳ ಸಂತಾನವೂ ಏರುತ್ತದೆ; ಆದ್ದರಿಂದ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಸಹಜ. ಆದರೆ ‘ಬಹಳ’ ಎಂದರೆ ಯಾವುದಕ್ಕಿಂತ ಬಹಳ? ಹೋದ ವರ್ಷ ಎಷ್ಟಿದ್ದವು? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಮ್ಮ ಅಚ್ಚರಿ ಅಚ್ಚರಿಯಾಗಿಯೇ ಉಳಿಯುತ್ತದೆ, ತಿಳಿವಳಿಕೆಯಾಗುವುದಿಲ್ಲ.

ಇನ್ನೊಂದು ಮಾತನ್ನೂ ನಾವು ಮರೆಯಬಾರದು. ಹೆಚ್ಚು ಹಕ್ಕಿಗಳು ಕಂಡವೆಂದರೆ ಅವು ಸುಖವಾಗಿವೆ ಎಂದೇ ಅರ್ಥವಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷಗಳಲ್ಲಿ ಹತ್ತು ಕೆರೆ ಬತ್ತಿದರೆ, ಹತ್ತು ಕೆರೆಯ ಹಕ್ಕಿಗಳು ನೀರುಳಿದ ಒಂದೇ ಕೆರೆಗೆ ಬಂದು ಸೇರುತ್ತವೆ. ದಡದಲ್ಲಿ ನಿಂತವನಿಗೆ ಅದು ಜಾತ್ರೆಯಂತೆ ಕಾಣುತ್ತದೆ; ನಿಜದಲ್ಲಿ ಅದು ನಿರಾಶ್ರಿತರ ಶಿಬಿರ. ಸುತ್ತಲಿನ ಕೆರೆಗಳ ಲೆಕ್ಕವೂ ಇದ್ದರೆ ಮಾತ್ರ ಈ ಭೇದ ತಿಳಿದೀತು.

ಲೆಕ್ಕದ ಬೆಲೆಯನ್ನು ಅರಿತವರು ನಮ್ಮ ನೆರೆಯಲ್ಲೇ ಇದ್ದಾರೆ. ಶಿರಸಿ ತಾಲ್ಲೂಕಿನ ಸೋಂದೆಯ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಮುಂಗಾರಿನ ಹೊತ್ತಿಗೆ ಬಂದು ಮುಂಡಿಗೆಯ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಇವು ಹೊರನಾಡಿನಿಂದ ಬರುವವಲ್ಲ. ಮರಿಮಾಡಲೆಂದು ಇಲ್ಲಿ ನೆರೆಯುವ ನಮ್ಮವೇ ಹಕ್ಕಿಗಳು. ಅವು ಬಂದ ದಿನವನ್ನು ಗಮನಿಸುತ್ತ, ಅದರಿಂದ ಮಳೆಯ ಆಗಮನವನ್ನು ಅಂದಾಜಿಸುವ ರೂಢಿ ಅಲ್ಲಿನವರಲ್ಲಿದೆ.

ಇಂಥ ಲೆಕ್ಕಕ್ಕೆ ಲೋಕದಲ್ಲಿಯೂ ಮನ್ನಣೆಯುಂಟು. ನಮ್ಮ ಸೀಮೆಯನ್ನು ಹಾದುಹೋಗುವ ಅಘನಾಶಿನಿಯ ಅಳಿವೆ ಹಾಗೂ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದವು. ಒಂದು ಜಾತಿಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇಕಡಾ 1ರಷ್ಟಾದರೂ ಒಂದು ತಾಣವನ್ನು ನಿಯತವಾಗಿ ಆಶ್ರಯಿಸಿರುವುದು ಆ ಪಟ್ಟಿಯ ಮಾನದಂಡಗಳಲ್ಲೊಂದು. ಎಣಿಸುವವರಿಲ್ಲದಿದ್ದರೆ ಇದನ್ನು ತೋರಿಸಿಕೊಡುವವರು ಯಾರು? 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಗೂ ಸುಮಾರು 30,000 ವೀಕ್ಷಕರ ಟಿಪ್ಪಣಿಗಳೇ ಆಧಾರ. ದೀರ್ಘಕಾಲದ ಏರಿಳಿತವನ್ನು ಗುರುತಿಸಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ ಎಂಬ ಕಹಿಸತ್ಯ ಹೊರಬಂದದ್ದು ಹೀಗೆ.

ಆದ್ದರಿಂದ ಪ್ರಿಯ ಓದುಗರೇ, ಮನೆಯಲ್ಲಿ ಹಾಲಿನ ಲೆಕ್ಕ, ಅಡಿಕೆಯ ಲೆಕ್ಕ ಬರೆಯುವ ಪುಸ್ತಕದ ಪಕ್ಕದಲ್ಲಿ ಹಕ್ಕಿಗಳಿಗೂ ಒಂದು ಪುಸ್ತಕವಿರಲಿ. ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು, ಹದಿನೈದು ನಿಮಿಷ. ಕಂಡ ಹಕ್ಕಿ, ಅದರ ಸಂಖ್ಯೆ, ತಾರೀಖು ಇಷ್ಟು ಬರೆದರೆ ಸಾಕು. ಮಕ್ಕಳು ಎಣಿಸಲಿ, ಹಿರಿಯರು ಹೆಸರು ಹೇಳಲಿ. ಒಂದೂ ಕಾಣದ ದಿನ ‘ಇಲ್ಲ’ ಎಂದು ಬರೆಯುವುದನ್ನು ಮಾತ್ರ ಮರೆಯದಿರೋಣ. ಸದ್ದಿಲ್ಲದೆ ಕಡಿಮೆಯಾಗುವ ಹಕ್ಕಿಯ ಪರವಾಗಿ ಸಾಕ್ಷಿ ನುಡಿಯುವುದು ಆ ಒಂದು ಪದವೇ.