ಕೋವಿಯೊಳಗೊಂದು ಕೋವಿ: ಕಿರುತೋಟಾದ ಗುರಿಯಭ್ಯಾಸ

ಕನ್ನಡದ ‘ಕೋವಿ’ ಎಂಬ ಪದಕ್ಕೆ ಆಯುಧವೆಂಬ ಅರ್ಥದೊಡನೆ ಕೊಳವೆ, ನಾಳ ಎಂಬ ಅರ್ಥವೂ ಉಂಟು. ‘ಬಂದೂಕು’ ಅರಬ್ಬಿ-ಪಾರಸಿಗಳ ದಾರಿಯಿಂದ ಬಂದಿತು. ‘ಪಿಸ್ತೂಲು’ ಯುರೋಪಿನ ನುಡಿಗಳಿಂದ ಬಂದಿತು. ಕೊಡಗು, ಕಾಸರಗೋಡುಗಳ ಮಾತಿನಲ್ಲಿ ಇಂದಿಗೂ ಉಳಿದಿರುವ ‘ಕೋವಿ’ ಮಾತ್ರ ವಸ್ತುವಿನ ಆಕಾರವನ್ನೇ ಹೆಸರಾಗಿ ಹೊತ್ತಿದೆ. ದೊಡ್ಡ ಪಿಸ್ತೂಲಿನಲ್ಲಿ ಚಿಕ್ಕ ತೋಟಾ ಹಾರಿಸಿ ಕಡಿಮೆ ವೆಚ್ಚದಲ್ಲಿ ಗುರಿ ಕಲಿಯುವ ಒಂದು ಉಪಾಯವನ್ನು ವಿವರಿಸಲು ಈ ಪದವೇ ಅನುಕೂಲ. ಆ ಉಪಾಯವೆಂದರೆ, ಸ್ಥೂಲವಾಗಿ, ಒಂದು ಕೋವಿಯೊಳಗೆ ಇನ್ನೊಂದು ಕೋವಿಯನ್ನು ಕೂರಿಸುವುದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟಿಷ್ ಸೈನ್ಯವು ಅಕ್ಷರಶಃ ಇದನ್ನೇ ಮಾಡಿತು. ಮಾರ್ಟಿನಿ-ಹೆನ್ರಿ ರೈಫಲಿನ ನಳಿಗೆಯೊಳಗೆ ‘ಮಾರಿಸ್ ಟ್ಯೂಬ್’ ಎಂಬ ಸಣ್ಣ ನಳಿಗೆಯನ್ನು ತೂರಿಸಿ, ಕಿರುತೋಟಾ ಹಾರಿಸಿ, ಸಿಪಾಯಿಗಳಿಗೆ ಗುರಿ ಕಲಿಸಲಾಯಿತು. ಮೈಲುದ್ದದ ಬಯಲು ಬೇಕಾಗುತ್ತಿದ್ದ ಅಭ್ಯಾಸವು ಒಂದು ಚಾವಡಿಯ ಉದ್ದಕ್ಕೆ ಇಳಿಯಿತು. ರೈಫಲಿನ ಮಟ್ಟಿಗೆ ಇದು ಸುಲಭ: ಗುಂಡು ಹಾರಿದ ಮೇಲೆ ಮುಂದಿನ ತೋಟಾವನ್ನು ಕೈಯಿಂದಲೇ ತುಂಬಬೇಕಾದ್ದರಿಂದ ಯಂತ್ರಕ್ಕೆ ಬೇರೆ ಕೆಲಸವಿರಲಿಲ್ಲ. ತೊಡಕು ಹುಟ್ಟಿದ್ದು ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ಪಿಸ್ತೂಲು ಬಂದಾಗ.

ಮೊದಲು ತೋಟಾಗಳ ಭೇದವನ್ನು ಅರಿಯಬೇಕು. ತೋಟಾದ ಹಿತ್ತಾಳೆಯ ಚಿಪ್ಪಿನ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿಕಾರುವ ಮಿಶ್ರಣವೊಂದಿರುತ್ತದೆ. ಅದು ಬುಡದ ನಡುವಿನಲ್ಲಿ ಪ್ರತ್ಯೇಕ ಬಿಲ್ಲೆಯಾಗಿದ್ದರೆ ‘ಸೆಂಟರ್‌ಫೈರ್’. ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿದ್ದರೆ ‘ರಿಮ್‌ಫೈರ್’. ಕನ್ನಡದಲ್ಲಿ ಇವನ್ನು ನಡುಗಿಡಿ, ಅಂಚುಗಿಡಿ ಎಂದರೆ ಅರ್ಥಕ್ಕೇನೂ ಕೊರತೆಯಾಗದು. ಅಂಚುಗಿಡಿಯ ತೋಟಾದಲ್ಲಿ ಬಡಿಗೋಲಿನ ಪೆಟ್ಟಿಗೆ ಅಂಚು ಜಜ್ಜಿಹೋಗಬೇಕು. ಆದುದರಿಂದ ಚಿಪ್ಪು ತೆಳ್ಳಗಿರಲೇಬೇಕು. ತೆಳ್ಳಗಿರುವುದರಿಂದ ಹೆಚ್ಚಿನ ಒತ್ತಡವನ್ನು ತಾಳದು. ಒಮ್ಮೆ ಜಜ್ಜಿದ ಅಂಚಿಗೆ ಮತ್ತೆ ಮದ್ದು ತುಂಬುವುದೂ ಆಗದು. ಈ ದೌರ್ಬಲ್ಯಗಳೇ ಅದರ ಗುಣಗಳೂ ಹೌದು: ಬಿಡಿಭಾಗಗಳು ಕಡಿಮೆ, ಲೋಹ ಕಡಿಮೆ, ಮದ್ದು ಕಡಿಮೆ, ಆದುದರಿಂದ ಬೆಲೆಯೂ ಕಡಿಮೆ. 1887ರಲ್ಲಿ ಬಂದ ‘.22 ಲಾಂಗ್ ರೈಫಲ್’ ಎಂಬ ತೋಟಾ ಈ ಜಾತಿಯದು. ಹೆಸರಿನಲ್ಲಿ ರೈಫಲ್ ಎಂದಿದ್ದರೂ ಪಿಸ್ತೂಲಿಗೂ ಅದೇ. ಅದರ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ಅಮೆರಿಕದ ಸೈನ್ಯವು 1911ರಲ್ಲಿ ಸ್ವೀಕರಿಸಿದ .45 ಪಿಸ್ತೂಲಿನ ಗುಂಡು 230 ಗ್ರೇನ್, ಸುಮಾರು 15 ಗ್ರಾಂ. ಸೀಸದ ಲೆಕ್ಕದಲ್ಲೇ ಐದು ಪಟ್ಟಿಗೂ ಮಿಕ್ಕ ಅಂತರ.

ಜಾನ್ ಬ್ರೌನಿಂಗ್ ರೂಪಿಸಿದ ಆ .45 ಪಿಸ್ತೂಲಿನಲ್ಲಿ ಗುಂಡು ಹಾರಿದ ಕ್ಷಣದಲ್ಲಿ ನಳಿಗೆಯೂ ಮೇಲಿನ ಸ್ಲೈಡೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಎರಡೂ ಕೂಡಿ ಕೊಂಚ ಹಿಂದೆ ಸರಿದ ಮೇಲೆ ನಳಿಗೆಯ ಹಿಂಬದಿ ಕೆಳಗಿಳಿದು ಬಿಡಿಸಿಕೊಳ್ಳುತ್ತದೆ. ಸ್ಲೈಡ್ ಮಾತ್ರ ಹಿಂದಕ್ಕೋಡಿ ಸುಟ್ಟ ಚಿಪ್ಪನ್ನು ಹೊರಗೆಸೆದು, ಮರಳುವಾಗ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಬೇಕಾದ ಬಲ .45ಕ್ಕೆ ಉಂಟು; .22ಕ್ಕೆ ಇಲ್ಲ. ಬರಿಯ ಕೊಳವೆಯನ್ನು ತೂರಿಸಿದರೆ ಗುಂಡೇನೋ ಹಾರುತ್ತದೆ, ಉಕ್ಕಿನ ಭಾರವಾದ ಸ್ಲೈಡ್ ಮಾತ್ರ ಇದ್ದಲ್ಲಿಯೇ ಇರುತ್ತದೆ. 1931ರಲ್ಲಿ ಕೋಲ್ಟ್ ಕಂಪನಿ ಹೊರತಂದ ‘ಏಸ್’ ಎಂಬ .22 ಪಿಸ್ತೂಲು ಈ ತೊಡಕನ್ನು ನೇರವಾಗಿ ಬಿಡಿಸಿತು: ಬೆಸುಗೆಯ ವ್ಯವಸ್ಥೆಯನ್ನು ಕೈಬಿಟ್ಟು, ಸ್ಲೈಡನ್ನು ಹಗುರಗೊಳಿಸಿತು. ಆಕಾರ, ಹಿಡಿಕೆ, ಕುದುರೆ ಎಲ್ಲವೂ .45ರವೇ. (ಬಂದೂಕಿನ ಬಡಿಗೆಗೂ ಗುಂಡು ಹಾರಿಸಲು ಎಳೆಯುವ ಕೀಲಿಗೂ ಕನ್ನಡವು ‘ಕುದುರೆ’ ಎಂದೇ ಹೇಳಿಕೊಂಡು ಬಂದಿದೆ, ‘ಟ್ರಿಗರ್’ ಎಂಬುದಕ್ಕಿಂತ ಚೆಲುವಾದ ಮಾತು.)

ಆದರೆ ಏಸ್ ಒದೆಯುತ್ತಿರಲಿಲ್ಲ. ಪಿಸ್ತೂಲು ಕಲಿಯುವವನ ಮುಖ್ಯ ಶತ್ರು ಆ ಒದೆತ, ಅದಕ್ಕಿಂತಲೂ ಹೆಚ್ಚಾಗಿ ಒದೆತದ ನಿರೀಕ್ಷೆ. ಸದ್ದು ಕೇಳುವುದಕ್ಕೆ ಮುನ್ನವೇ ಕಣ್ಣು ಮುಚ್ಚಿಕೊಳ್ಳುತ್ತದೆ, ಮಣಿಕಟ್ಟು ಕೆಳಕ್ಕೆ ಒತ್ತುತ್ತದೆ. ಗುಂಡು ಗುರಿಯ ಕೆಳಗೆ ಬೀಳುತ್ತದೆ. ಬೆಚ್ಚುವ ಕೈಯನ್ನು ಕಿರುತೋಟಾ ಸಮಾಧಾನಪಡಿಸಬಲ್ಲದು. ಒದೆತವನ್ನು ತಾಳಿಕೊಂಡು ಎರಡನೆಯ ಗುಂಡಿಗೆ ಗುರಿ ಮರಳಿಸುವುದನ್ನು ಕಲಿಸಲಾರದು. ಸೈನ್ಯಕ್ಕೆ ಅಗ್ಗವೂ ಬೇಕಿತ್ತು, ಒದೆತವೂ ಬೇಕಿತ್ತು.

ಇವೆರಡನ್ನೂ ಕೂಡಿಸಿದವನು ಉತ್ತರ ಕೆರೊಲಿನಾದ ಡೇವಿಡ್ ಮಾರ್ಷಲ್ ವಿಲಿಯಮ್ಸ್. 1921ರಲ್ಲಿ ಈತನ ಕಳ್ಳಭಟ್ಟಿಯ ಮೇಲೆ ದಾಳಿ ನಡೆದಾಗ ಅಧಿಕಾರಿಯೊಬ್ಬ ಗುಂಡಿಗೆ ಬಲಿಯಾದನು. ವಿಲಿಯಮ್ಸ್ ಸೆರೆಮನೆ ಸೇರಿದನು. ಅಲ್ಲಿಯ ಯಂತ್ರಶಾಲೆಯಲ್ಲಿ ಕೆಲಸ ಮಾಡುತ್ತ, ಆಯುಧಗಳ ಚಲನೆಯ ಕುರಿತು ಯೋಚಿಸುತ್ತ ವರ್ಷಗಳನ್ನು ಕಳೆದು 1929ರಲ್ಲಿ ಬಿಡುಗಡೆ ಹೊಂದಿದನು. ಒಬ್ಬನ ಸಾವಿಗೆ ಕಾರಣವಾಗಿ ಸೆರೆ ಸೇರಿದವನಿಗೆ ಅಲ್ಲಿ ಬಂದೂಕಿನ ಕೆಲಸಕ್ಕೇ ಅವಕಾಶ ದೊರೆತುದು ವಿಚಿತ್ರವೇ ಸರಿ. 1952ರಲ್ಲಿ ಇವನ ಬದುಕು ಚಲನಚಿತ್ರವೂ ಆಯಿತು. ಜೇಮ್ಸ್ ಸ್ಟೀವರ್ಟ್ ನಾಯಕ.

ವಿಲಿಯಮ್ಸ್‌ನ ಉಪಾಯದ ಹೆಸರು ‘ತೇಲುವ ಚೇಂಬರ್’. ಸಾಮಾನ್ಯವಾಗಿ ತೋಟಾ ಕೂರುವ ಗೂಡು ನಳಿಗೆಯದೇ ಅಂಗ. ವಿಲಿಯಮ್ಸ್ ಅದನ್ನು ಬೇರೆಯೇ ತುಂಡಾಗಿ ಕತ್ತರಿಸಿ, ಹಿಂದೆ ಮುಂದೆ ಜಾರುವಂತೆ ಮಾಡಿದನು. ಗುಂಡು ನಳಿಗೆಯನ್ನು ಹೊಕ್ಕೊಡನೆ ಹೊಗೆಯ ಒತ್ತಡವು ಗೂಡಿಗೂ ನಳಿಗೆಗೂ ನಡುವಣ ಸಂದಿಗೆ ನುಗ್ಗುತ್ತದೆ. ಚಿಪ್ಪಿನ ಪುಟ್ಟ ಬುಡದ ಮೇಲೆ ಮಾತ್ರ ಬೀಳುತ್ತಿದ್ದ ಒತ್ತಡ ಈಗ ಗೂಡಿನ ಅಗಲವಾದ ಮುಖದ ಮೇಲೂ ಬಿದ್ದು, ಇಡೀ ಗೂಡು ಹಿಂದೆ ಚಿಮ್ಮಿ ಸ್ಲೈಡನ್ನು ಗುದ್ದುತ್ತದೆ. ಒತ್ತಡ ಅಷ್ಟೇ, ಅದು ಒತ್ತುವ ಹರವು ಹೆಚ್ಚು, ಆದುದರಿಂದ ಬಲ ಹೆಚ್ಚು. ಕಿರುತೋಟಾ ಹಲವು ಪಟ್ಟು ದೊಡ್ಡದೆಂಬಂತೆ ಒದೆಯಿತು. 1937ರ ‘ಸರ್ವಿಸ್ ಮಾಡೆಲ್ ಏಸ್’ ಈ ಗೂಡಿನೊಡನೆ ಬಂದಿತು. ಮರುವರ್ಷ ಕೋಲ್ಟ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಸ್ಲೈಡ್, ನಳಿಗೆ, ತೇಲುವ ಗೂಡು, ಸ್ಪ್ರಿಂಗ್, ಮ್ಯಾಗಜೀನ್ ಇಷ್ಟನ್ನೇ ಒಂದು ಕಟ್ಟಾಗಿ ಮಾರಿತು. .45 ಉಳ್ಳವನು ಮೇಲ್ಭಾಗವನ್ನು ಬದಲಿಸಿಕೊಂಡರೆ ಸಾಕು, ಎರಡನೆಯ ಪಿಸ್ತೂಲನ್ನು ಕೊಳ್ಳಬೇಕಿಲ್ಲ. ಇಂದು ‘ಕನ್ವರ್ಷನ್ ಕಿಟ್’ ಎನ್ನಿಸಿಕೊಳ್ಳುವ ವಸ್ತುವಿನ ಮಾದರಿ ಇದು. ಈ ಗೂಡಿಗೊಂದು ಶಾಪವೂ ಇತ್ತು: ಸೀಸವೂ ಮಸಿಯೂ ಸಂದಿಯಲ್ಲಿ ಮೆತ್ತಿಕೊಂಡು ಗೂಡು ಕಚ್ಚಿಕೊಳ್ಳುತ್ತಿತ್ತು, ಮತ್ತೆ ಮತ್ತೆ ಬಿಚ್ಚಿ ತೊಳೆಯಬೇಕಿತ್ತು. ಈಚಿನ ಕಿಟ್‌ಗಳಲ್ಲಿ ಬಹುಪಾಲು ತೇಲುವ ಗೂಡನ್ನು ಬಿಟ್ಟು ಅಲ್ಯುಮಿನಿಯಮ್ಮಿನ ಹಗುರ ಸ್ಲೈಡಿಗೆ ಮರಳಿವೆ. ಅಂದರೆ ಒದೆತವನ್ನು ಬಿಟ್ಟುಕೊಟ್ಟು ನಿರಾತಂಕವನ್ನು ಪಡೆದಿವೆ; 1931ರ ಏಸ್‌ನ ಆಯ್ಕೆಯೂ ಅದೇ ಆಗಿತ್ತು.

ಅಮೆರಿಕದಲ್ಲಿ ಕಿಟ್ ಹರಡಿದ್ದಕ್ಕೆ ಕಾನೂನಿನ ಒಂದು ಕಾರಣವೂ ಉಂಟು. ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಪಿಸ್ತೂಲೆಂದರೆ ಅದರ ಫ್ರೇಮ್, ಉಳಿದವು ಬಿಡಿಭಾಗಗಳು. ಭಾರತದ 1959ರ ಆಯುಧ ಕಾಯ್ದೆ ಬಿಡಿಭಾಗಗಳನ್ನೂ ಆಯುಧದ ವ್ಯಾಖ್ಯೆಯೊಳಗೆ ಸೇರಿಸಿದೆ. ಹೀಗಾಗಿ ಇಲ್ಲಿ ಕಿಟ್ ಬಿಡಿ ಸರಕಾಗಿ ಅಂಗಡಿಯಲ್ಲಿ ದೊರೆಯುವಂಥದಲ್ಲ. ಇಲ್ಲಿಯ ಸ್ಪರ್ಧಾಳುಗಳು ಮೊದಲು 10 ಮೀಟರಿನ ಗಾಳಿ ಪಿಸ್ತೂಲಿನಲ್ಲಿ ಕೈ ಪಳಗಿಸಿ, ಬಳಿಕ .22ಕ್ಕೆಂದೇ ಮಾಡಿದ ಪಿಸ್ತೂಲಿಗೆ ಏರುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯದೂ ಇದೇ ಅಂಚುಗಿಡಿಯ ತೋಟಾ. ಕಾಲೇಜಿನ ಎನ್.ಸಿ.ಸಿ. ಶಿಬಿರದಲ್ಲಿ ನೆಲಕ್ಕೆ ಮಲಗಿ .22 ರೈಫಲ್ ಹಾರಿಸಿದ ವಿದ್ಯಾರ್ಥಿಗಳೂ ಸುಟ್ಟ ಚಿಪ್ಪಿನ ಬುಡವನ್ನು ನೋಡಿರುತ್ತಾರೆ: ನಡುವಿನಲ್ಲಿ ಗುರುತೇನೂ ಇಲ್ಲ, ಅಂಚಿನಲ್ಲಿ ಮಾತ್ರ ಬಡಿಗೋಲು ಕಚ್ಚಿದ ಒಂದು ಚಿಕ್ಕ ತಗ್ಗು.